ತಾತ ಬಿಚ್ಚಿಸಿದ ಹಂದಿಬಲೆ

ಇವತ್ತು ಕಡ್ಡಿರಾಂಪುರದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಯಾರೋ ಹೊಲದ ಬೇಲಿಗೆಂದು ಜಾಲಿಮುಳ್ಳು ಕಡಿಯುತ್ತಿದ್ದರು. ಆ ಹಸಿ ವಾಸನೆಗೆ ನಾನು ಮನಸ್ಸಿನಲ್ಲೇ ಚೋರನೂರಿನ ತಾತನ ಶೇಂಗಾ ಹೊಲಕ್ಕೆ ಹೋಗಿಬಿಟ್ಟೆ.

ಕಾಡುಹಂದಿ ಬೇಟೆಗೆ ಮುಂಚೆ ತಾತ ಮೂರು ದಿನ ಹೊಲ ಸಜ್ಜು ಮಾಡುತ್ತಿದ್ದ. ಬೇಲಿಯ ಸಂದುಗಳನ್ನೆಲ್ಲ ಮುಳ್ಳಿನಿಂದ ಮುಚ್ಚಿ, ಒಂದನ್ನು ಮಾತ್ರ ಬಿಡುತ್ತಿದ್ದ. ಓಡಿಬಂದ ಹಂದಿ ಬೀಳುವ ಬಲೆ ಅಲ್ಲಿ. ನಾನು ಚಿಕ್ಕವಳಿದ್ದಾಗ ಒಂದು ಸಲ, ಹೊಲಕ್ಕೆ ಬಂದ ಹಂದಿಯ ಹಿಂದೆ ಮರಿಗಳಿದ್ದುದನ್ನು ನೋಡಿದವಳು ನಾನೊಬ್ಬಳೇ. ದೊಡ್ಡವರ ಮುಂದೆ ಬಾಯಿ ಬಿಡುವ ಹುಡುಗಿ ನಾನಾಗಿರಲಿಲ್ಲ. ತಾತನ ಮಗ, ನಮ್ಮ ಮಾಮ, ಬಲೆ ಕಟ್ಟತೊಡಗಿದಾಗ ಮಾತ್ರ ತಡೆಯಲಾಗಲಿಲ್ಲ.

“ಅದಕ್ಕ ಐದು ಮರಿ ಅದಾವ ತಾತ.”

ತಾತ ಸಂದಿನ ಮಣ್ಣಿನ ಮೇಲೆ ಬಗ್ಗಿ ನೋಡಿದ. ದೊಡ್ಡ ಗೊರಸಿನ ಗುರುತಿನ ಪಕ್ಕದಲ್ಲೇ ಪುಟ್ಟ ಪುಟ್ಟವು ಇದ್ದವು.

“ಬಲೆ ಬಿಚ್ಚೋ, ಬಾಣಂತಿ ಅದು,” ಎಂದ ಮಾಮನಿಗೆ.

“ಹಂಗಾದ್ರ ಬಾಣಂತಿಗೆ ಶೇಂಗಾ ಹುರಿದು ಕೊಡ್ಲೇನಪ್ಪಾ?”

“ಹಸೀದ ತಿಂತೈತಿ, ನೀ ಬಿಚ್ಚು.”

ಮಾಮ ಗೊಣಗುತ್ತಲೇ ಬಿಚ್ಚಿದ. ಆವತ್ತು ಮಧ್ಯಾಹ್ನ ನಾನು ಎರಡು ರೊಟ್ಟಿ ಹೆಚ್ಚೇ ತಿಂದೆ.

ಬಸ್ಸು ಬಂತು. ಸೀಟಿನಲ್ಲಿ ಕುಳಿತ ಮೇಲೆ, ಆವತ್ತು ಸುಮ್ಮನಿದ್ದುಬಿಟ್ಟಿದ್ದರೆ ಆ ಮರಿಗಳ ಗತಿ ಏನಾಗುತ್ತಿತ್ತು ಎಂದುಕೊಂಡೆ. ಸದ್ಯ, ಹೇಳಿದ್ದೆನಲ್ಲ.