ದಿನ ಮೊದಲು, ತಿಂಗಳು ಆಮೇಲೆ

ಜಯನಗರದ ನಮ್ಮ ಮನೆಯ ಊಟದ ಟೇಬಲ್ಲಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡು, ಕಣ್ಣು ಕಾಣದವರಿಗೆ ಅವರ ಫೋನೇ ಓದಿ ಹೇಳಲೆಂದು ಪಠ್ಯಪುಸ್ತಕ ಟೈಪ್ ಮಾಡುತ್ತೇನೆ. ನಮ್ಮ ಗುಂಪಿನಲ್ಲಿ ಹೆಚ್ಚಿನವರು ರಿಟೈರ್ ಆದ ಹೆಂಗಸರು. ಟೈಪ್ ಆದದ್ದನ್ನು ವರ್ಷನ್ ಕಂಟ್ರೋಲ್ ಎಂಬ ಸಾಫ್ಟ್‌ವೇರಿನಿಂದ ಗುಂಪಿನ ಸರ್ವರಿಗೆ ಕಳಿಸಬೇಕು. ಯಾರು ಯಾವ ಅಕ್ಷರ ತಿದ್ದಿದರೆಂದು ಅದು ನೆನಪಿಟ್ಟುಕೊಳ್ಳುತ್ತದೆ. ಅಲ್ಲಿ ಇನ್ನೊಬ್ಬರು ಓದಿ ನೋಡದೆ ಯಾವ ಪಾಠವೂ ಹೊರಗೆ ಹೋಗುವಂತಿಲ್ಲ. ಅದು ನಮ್ಮ ರೂಲ್.

ಆ ಮಾರ್ಚಿನಲ್ಲಿ ನನ್ನ ಪಾಠಕ್ಕೆ ಕಾಯುತ್ತಿದ್ದವಳು ವಿಜಯಪುರದ ಕಡೆಯ, ಕಣ್ಣು ಕಾಣದ ಹೆಂಗಸು. ಬಿಟಿಎಮ್‌ನಲ್ಲಿ ಬಾಡಿಗೆ ರೂಮು, ಒಂದು ಆಫೀಸಿನಲ್ಲಿ ಫೋನ್ ತೆಗೆಯುವ ಟೆಂಪರರಿ ಕೆಲಸ. ಡಿಗ್ರಿ ಮುಗಿದರೆ ಪರ್ಮನೆಂಟ್ ಮಾಡುತ್ತೇವೆಂದು ಹೇಳಿದ್ದರಂತೆ. ಉಳಿದದ್ದು ಹಿಸ್ಟರಿ ಪೇಪರ್ ಒಂದೇ, ಒಂಬತ್ತನೇ ತಾರೀಕು. ಅದರ ಕೊನೆಯ ಅಧ್ಯಾಯ ನನ್ನ ಪಾಲಿನದು.

ಐದನೇ ತಾರೀಕು ಟೈಪಿಂಗ್ ಮುಗಿಯಿತು. ಕಳಿಸಲು ಹೋದರೆ, ಸರ್ವರಿನ ಸೆಕ್ಯುರಿಟಿ ಸರ್ಟಿಫಿಕೇಟ್ ಎಕ್ಸ್‌ಪೈರ್ ಆಗಿದೆ ಎಂದು ಕೆಂಪು ಅಕ್ಷರ ಬಂತು. ಅದು ಸರ್ವರಿನ ಗುರುತಿನ ಚೀಟಿ ಇದ್ದ ಹಾಗೆ. ಎಕ್ಸ್‌ಪೈರ್ ಆದದ್ದನ್ನು ರಿನ್ಯೂ ಮಾಡಿಸಬೇಕಾದವರು ಜೆ.ಪಿ. ನಗರದ ನಮ್ಮ ಕೋಆರ್ಡಿನೇಟರ್ ಎಂದುಕೊಂಡು ಅವರಿಗೆ ಫೋನ್ ಮಾಡಿದೆ. ಬೇರೆಯವರದ್ದೆಲ್ಲ ಸರಿಯಾಗಿ ಬರುತ್ತಿದೆ ಎಂದರು. ಆಮೇಲೆ, "ಮೇಡಂ, ಸೆಟ್ಟಿಂಗ್ಸ್‌ನಲ್ಲಿ ವೆರಿಫೈ ಅಂತ ಒಂದು ಟಿಕ್ ಇರುತ್ತೆ. ತೆಗೆದುಬಿಡಿ, ಹೋಗುತ್ತೆ" ಎಂದರು.

"ಯಾರು ಅಂತ ಕೇಳದೆ ಬಾಗಿಲು ತೆಗೆಯೋದಾ? ನನ್ನ ಕೈಲಿ ಆಗಲ್ಲಮ್ಮ" ಎಂದೆ.

ಎರಡು ದಿನ ಸೆಟ್ಟಿಂಗ್ಸ್ ಕೆದಕಿದೆ. ಸರ್ಟಿಫಿಕೇಟ್ ಫೈಲ್ ಎಲ್ಲಿದೆ ಎಂದು ತೋರಿಸುವ ಸಾಲು ಬದಲಿಸಿದೆ, ಮತ್ತೆ ಮೊದಲಿನಂತೆ ಮಾಡಿದೆ. ಅದೇ ಕೆಂಪು ಅಕ್ಷರ. ಅವಳು ದಿನಾ ಫೋನ್ ಮಾಡಿ ಪಾಠ ಬಂತೇ ಎಂದು ಕೇಳುತ್ತಿದ್ದಳು. ಸರ್ವರ್ ಪ್ರಾಬ್ಲಮ್ ಎನ್ನುತ್ತಿದ್ದೆ.

ಎಂಟರ ಸಂಜೆ ಆ ಸರ್ಟಿಫಿಕೇಟನ್ನೇ ತೆರೆದು ಓದಿದೆ. ಏಪ್ರಿಲ್ ಕೊನೆಯವರೆಗೆ ವ್ಯಾಲಿಡ್ ಎಂದಿತ್ತು. ಮಾರ್ಚಿನಲ್ಲಿ ಅದು ಮುಗಿದದ್ದು ಹೇಗೆ? ಸ್ಕ್ರೀನಿನ ಮೂಲೆ ನೋಡಿದೆ: 5/6. ನನ್ನ ಲೆಕ್ಕದಲ್ಲಿ ಜೂನ್ ಐದು. ಕಂಪ್ಯೂಟರಿನ ಲೆಕ್ಕದಲ್ಲಿ ಮೇ ಆರು.

ಐದನೇ ತಾರೀಕು ಬೆಳಿಗ್ಗೆ ರಿಪೇರಿಯವರು ಕಂಪ್ಯೂಟರಿನೊಳಗೆ ತಾರೀಕು ನೆನಪಿಡುವ ಗುಂಡು ಸೆಲ್ ಬದಲಾಯಿಸಿ ಹೋಗಿದ್ದರು. ಅಳಿಸಿಹೋದ ತಾರೀಕನ್ನು ನಾನೇ ತುಂಬಿದ್ದೆ: 5/3. ಕಾನ್ವೆಂಟಿನಲ್ಲಿ ನೋಟ್‌ಬುಕ್ಕಿನ ಬಲಮೂಲೆಯಲ್ಲಿ ದಿನ ಮೊದಲು, ತಿಂಗಳು ಆಮೇಲೆ. ತಿರುವುಮುರುವಾದರೆ ಸಿಸ್ಟರ್ ಸ್ಕೇಲಿನಿಂದ ಗೆಣ್ಣಿಗೆ ಕೊಡುತ್ತಿದ್ದರು. ಆ ಕಂಪ್ಯೂಟರಿಗೆ ತಿಂಗಳು ಮೊದಲು. ನಾನು ಮಾರ್ಚ್ ಐದು ಎಂದು ಬರೆದೆ, ಅದು ಮೇ ಮೂರು ಎಂದು ಓದಿಕೊಂಡಿತು. ಸರ್ವರಿನ ಚೀಟಿ ಸರಿಯಾಗಿಯೇ ಇತ್ತು.

ತಾರೀಕು ತಿದ್ದಿದೆ. ಪಾಠ ಒಂದೇ ಕ್ಲಿಕ್ಕಿಗೆ ಹೋಯಿತು. ಮರುದಿನ ಬೆಳಿಗ್ಗೆ ಉತ್ತರಹಳ್ಳಿಯಲ್ಲಿ ಗುಂಪಿನ ಇನ್ನೊಬ್ಬರು ಅದನ್ನು ಓದಿ ಮುಗಿಸುವ ಹೊತ್ತಿಗೆ ಅವಳು ಪರೀಕ್ಷೆ ಬರೆಯುತ್ತಿದ್ದಳು. ಜಯನಗರದಿಂದ ಬಿಟಿಎಮ್‌ಗೆ ಆಟೋ ಹಿಡಿದು ಪೆನ್‌ಡ್ರೈವ್ ಕೊಟ್ಟು ಬರಬಹುದಿತ್ತು. ರೂಲ್ ಮುರಿಯಬೇಕಾಗುತ್ತಿತ್ತು, ಅಷ್ಟೇ.

ಮಧ್ಯಾಹ್ನ ಅವಳೇ ಫೋನ್ ಮಾಡಿದಳು. "ಅದರಾಗಿಂದ ಎರಡು ದೊಡ್ಡ ಪ್ರಶ್ನಿ ಬಂದಿದ್ವು ರೀ ಆಂಟಿ. ಬಿಟ್ಟು ಬಂದೆ."

ಆದದ್ದನ್ನೆಲ್ಲ ಹೇಳಿದೆ.

"ನನ್ನ ಫೋನ್ ತಿಂಗಳ ಹೆಸರು ಹೇಳಿನ ತಾರೀಕು ಓದತೈತ್ರಿ. ನಿಮಗ ಕಣ್ಣಿಗೆ ಕಾಣತೈತಲ್ರಿ?"

ಅದು ಕೊಂಕಲ್ಲ. ಅರ್ಥವಾಗದೆ ಕೇಳಿದ್ದಳು. ಸಾರಿ ಎಂದೆ. ಕಾನ್ವೆಂಟಿನಲ್ಲಿ ದಿನಕ್ಕೆ ಹತ್ತು ಸಲ ಹೇಳುತ್ತಿದ್ದ ಪದ.

ಆ ಪೇಪರ್ ಅವಳಿಗೆ ಪಾಸಾಗಲಿಲ್ಲ. ಪರ್ಮನೆಂಟ್ ಆದವರ ಲಿಸ್ಟಿನಲ್ಲಿ ಅವಳ ಹೆಸರೂ ಇರಲಿಲ್ಲ. ಮತ್ತೆ ಕಟ್ಟಿದ ಪರೀಕ್ಷೆಯ ಪಾಠಗಳನ್ನು ಬೇರೆಯವರಿಗೆ ಕೊಡಿ ಎಂದು ಕೋಆರ್ಡಿನೇಟರನ್ನು ಕೇಳಿಕೊಂಡಳಂತೆ. ನನ್ನ ಟೈಪಿಂಗಿನಲ್ಲಿ ಒಂದು ಅಕ್ಷರವೂ ತಪ್ಪಿರುವುದಿಲ್ಲ ಎಂದು ಕೋಆರ್ಡಿನೇಟರ್ ಈಗಲೂ ಹೊಗಳುತ್ತಾರೆ. ನನಗೆ ಅರ್ಜೆಂಟ್ ಇಲ್ಲದ ಪುಸ್ತಕಗಳನ್ನು ಮಾತ್ರ ಕಳಿಸುತ್ತಾರೆ.