ಟ್ರಾಫಿಕ್‌ಗೆ ಮುಂಚೆ

ಹಾಫ್‌ಮನ್ ಎಸ್ಟೇಟ್ಸ್ ಎಂಬ ಪರದೇಶದ ಊರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಆ ಮನುಷ್ಯನನ್ನು ನೆನೆದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಎಲ್ಲಿ ಕೂತರೂ ಆತ ಕಾರಿನ ಕೀಯನ್ನು ಮಂಡಿಯ ಮೇಲೆ ಕುಟ್ಟುತ್ತಲೇ ಇರುತ್ತಿದ್ದ. ಮದುವೆ ಊಟದಲ್ಲಿ ಪಾಯಸ ಬರುವ ಮೊದಲೇ, ಕನ್ನಡ ಕೂಟದ ನಾಟಕದಲ್ಲಿ ಕೊನೆಯ ದೃಶ್ಯಕ್ಕೆ ಮೊದಲೇ ಎದ್ದು ನಿಂತು, “ಹೊರಡೋಣ, ಟ್ರಾಫಿಕ್ ಆಗ್ಬಿಡತ್ತೆ” ಎನ್ನುತ್ತಿದ್ದ.

ಒಂದು ಶನಿವಾರ ಆತ, ಆತನ ಮಗಳು, ನಾನು ಆತನ ಕಾರಿನಲ್ಲೇ ಊರಾಚೆಯ ದೊಡ್ಡ ಸ್ಟೇಡಿಯಮ್‌ಗೆ ಸಾಕರ್ ನೋಡಲು ಹೋದೆವು. ಆಟ ಮುಗಿದ ಮೇಲೆ ಮಗಳು ಆಡುತ್ತಿದ್ದ ಶಾಲೆಯ ಹುಡುಗಿಯರ ಟೀಮನ್ನು ಮೈದಾನಕ್ಕೆ ಕರೆದು, ಆಟಗಾರರ ಜೊತೆ ಫೋಟೋ ತೆಗೆಯುವವರಿದ್ದರು. ಮಗು ಬೆಳಿಗ್ಗೆಯಿಂದ ಟೀಮಿನ ಜೆರ್ಸಿ ಬಿಚ್ಚಿರಲಿಲ್ಲ. ಆಟ ಇನ್ನೂ ನಡೆಯುತ್ತಿರುವಾಗಲೇ ಕೀ ಕುಟ್ಟುವ ಸದ್ದು ನಿಂತಿತು. ಆತ ಎದ್ದ.

“ಡ್ಯಾಡ್, ಪ್ಲೀಸ್, ದಿ ಫೋಟೋ,” ಎಂದಳು ಮಗಳು.

“ಆಮೇಲೆ ಪಾರ್ಕಿಂಗ್‌ನಿಂದ ಆಚೆ ಬರೋಕೇ ಒಂದು ಗಂಟೆ ಆಗತ್ತೆ ಪುಟ್ಟಿ.”

“ಇದೊಂದು ಸಲ ಇರಿ ಸಾರ್, ಮಗು ಕಾಯ್ತಾ ಇದೆ,” ಎಂದೆ. ಕೇಳಲಿಲ್ಲ. ಅವಳ ತೋಳು ಹಿಡಿದು ಮೆಟ್ಟಿಲಿಳಿಸಿಕೊಂಡು ಹೋದ.

ರಸ್ತೆ ಖಾಲಿಯಿತ್ತು. ಆತ ಗೆದ್ದವನಂತೆ ಸಿಳ್ಳೆ ಹಾಕುತ್ತ ಡ್ರೈವ್ ಮಾಡಿದ. ಮನೆ ಹತ್ತಿರದ ಸಿಗ್ನಲ್‌ನಲ್ಲಿ ನಿಂತಾಗ, ಇನ್ನೊಬ್ಬ ಹುಡುಗಿಯ ತಾಯಿ ಕಳಿಸಿದ ಫೋಟೋ ಆತನ ಫೋನಿಗೆ ಬಂತು. ಮೈದಾನದಲ್ಲಿ ಆಟಗಾರರ ನಡುವೆ, ಇವಳೊಬ್ಬಳನ್ನು ಬಿಟ್ಟು ಇಡೀ ಟೀಮು ನಗುತ್ತಿತ್ತು. ಆತ ಫೋನನ್ನು ಹಿಂದಿನ ಸೀಟಿನ ಕಡೆ ಚಾಚಿ, ನಿಜವಾದ ಕನಿಕರದಿಂದಲೇ ಹೇಳಿದ:

“ನೋಡು ಪುಟ್ಟಿ, ಪಾಪ, ಇವರೆಲ್ಲ ಇನ್ನೂ ಅಲ್ಲೇ ಸಿಕ್ಕಾಕೊಂಡಿದಾರೆ.”