ಒಂಬತ್ತು ಬೆರಳು ಗೂಡಿಗೆ, ಒಂದು ಮಿಷನ್‌ಗೆ

ಚನ್ನಪಟ್ಟಣದ ಈ ಬೀದಿಗೆ ಹಾಲು ಹಾಕುವ ಕೆಂಪರಾಜು ದಿನಾ ಬೆಳಗಿನ ಜಾವ ಒಂದು ಮನೆಯ ಬಾಗಿಲ ಕಡೆ ಹೆಬ್ಬೆರಳು ಎತ್ತಿ ತೋರಿಸಿ ಮುಂದೆ ಹೋಗುತ್ತಾನೆ. ಒಳಗೆ ಒಲೆಯ ಮುಂದೆ ಕೂತ ಹೆಂಗಸು ಅಷ್ಟರಲ್ಲಾಗಲೇ ತಮ್ಮ ಎಡಗೈ ಹೆಬ್ಬೆರಳು ಎತ್ತಿರುತ್ತಾರೆ. ತನಗೇ ಶುಭ ಹಾರೈಸುತ್ತಿದ್ದಾರೆ ಎಂಬುದು ಅವನ ನಂಬಿಕೆ. ಬೀದಿಯಲ್ಲಿ ಯಾರೂ ಅದನ್ನು ತಿದ್ದಲು ಹೋಗಿಲ್ಲ.

ಆ ಹೆಂಗಸು ವಜೀರಾ. ರೇಷ್ಮೆ ಗೂಡಿನಿಂದ ನೂಲು ಬಿಚ್ಚುವವರು. ಬಾಣಲೆಯಲ್ಲಿ ನೀರು ಹೊಗೆಯಾಡುತ್ತಿದೆ, ಗೂಡುಗಳು ತೇಲುತ್ತಿವೆ. ಪಕ್ಕದ ತಣ್ಣೀರ ಬಟ್ಟಲಲ್ಲಿ ಬೆರಳು ಅದ್ದಿ, ಅದೇ ಬೆರಳನ್ನು ಬಿಸಿನೀರಿಗೆ ಇಳಿಸಿ, ಕಣ್ಣಿಗೆ ಕಾಣದ ಎಳೆಯ ತುದಿಯನ್ನು ತಡಕಿ ಎತ್ತುತ್ತಾರೆ. ಗಂಡ ರಸೂಲ್ ಚರಕ ತಿರುಗಿಸುತ್ತಾರೆ. ವಜೀರಾ ಅವರ ಎಡ ಹೆಬ್ಬೆರಳು ಮಾತ್ರ ನೀರು ಸೋಕದೆ ಮೇಲೆ ನಿಂತಿದೆ.

ಅದು ಹಾಗೆ ನಿಲ್ಲುವುದಕ್ಕೆ ಕಾರಣ ನ್ಯಾನೊ ಔಷಧಿಗಳ ಜಾಗತಿಕ ಮಾರುಕಟ್ಟೆ.

ಔಷಧಿಯನ್ನು ಕೂದಲ ದಪ್ಪಕ್ಕಿಂತ ಸಾವಿರ ಪಾಲು ಸಣ್ಣ ಕಣಗಳಲ್ಲಿ ತುಂಬಿ, ಮೈಯಲ್ಲಿ ಬೇಕಾದ ಜಾಗಕ್ಕೇ ಮುಟ್ಟಿಸುವ ವ್ಯಾಪಾರ ಅದು. ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದೆ. ಎಷ್ಟು ದೊಡ್ಡದು ಎಂದು ಕೇಳಿದರೆ ಒಂದೊಂದು ವರದಿ ಒಂದೊಂದು ಅಂಕಿ ಹೇಳುತ್ತದೆ. ಸೊನ್ನೆಗಳ ವಿಷಯದಲ್ಲಿ ಯಾರೂ ಜಿಪುಣತನ ಮಾಡಿಲ್ಲ. ಬೆಂಗಳೂರಿನ ಒಂದು ಕಂಪನಿ ಸುಟ್ಟ ಗಾಯಕ್ಕೆ ಹಚ್ಚುವ ಮುಲಾಮಿನ ಕಣಗಳನ್ನು ರೇಷ್ಮೆಯಿಂದಲೇ ಮಾಡುತ್ತದೆ. ಅದಕ್ಕೆ ಸೋಪು, ಸೋಡಾ ಸೋಕದ, ಬರೀ ನೀರಲ್ಲಿ ಬಿಚ್ಚಿದ ನೂಲು ಬೇಕು. ಹಾಗೆ ಬಿಚ್ಚುವವರನ್ನು ಹುಡುಕುತ್ತಾ ಕಂಪನಿಯ ಭಾನುಪ್ರಿಯ ಈ ಬೀದಿಗೆ ಬಂದರು. ಸೋಲೂರಿನ ಹುಡುಗಿ.

"ಮದುವೆ ಆಗಿ ಬಂದಾಗಿಂದ ಇದೇ ಬಾಣ್ಲೆ," ಎನ್ನುತ್ತಾರೆ ವಜೀರಾ. "ನಮ್ಮತ್ತೆ ರೋಶನ್ ಬೀ ಮೊದಲನೇ ದಿನಾನೇ ಕೈ ಹಿಡಿದು ನೀರಿಗೆ ಹಾಕ್ಸುದ್ರು. ಅತ್ತೆ ಮೇಲೆ ಎಷ್ಟು ಕ್ವಾಪ ಬಂತು ಅಂದ್ರೆ, ಎಳೆ ಸಿಕ್ಕಿದ್ದೇ ಗೊತ್ತಾಗ್ಲಿಲ್ಲ. ಎಳೆ ಕಡೀದಂಗೆ ಉದ್ದುಕ್ಕೆ ಎಳೆಯೋದೇ ನಮ್ ಮರ್ಯಾದೆ. ಈ ಕಂಪ್ನಿಯೋರು ಅದ್ನ ತಕ್ಕೊಂಡೋಗಿ ಪುಡಿ ಮಾಡ್ತಾರಂತೆ! ಕೇಳ್ದಾಗ ಒಸಿ ಹೊಟ್ಟೆ ಉರೀತು."

ಹೊಟ್ಟೆ ಉರಿ ತಣ್ಣಗಾದರೂ ತೊಡಕು ಉಳಿಯಿತು. ಔಷಧಿಗೆ ಹೋಗುವ ರೇಷ್ಮೆ ಯಾರ ಕೈಯಿಂದ ಬಂತು ಎಂದು ಹೊರದೇಶದ ಖರೀದಿದಾರರು ಕೇಳುತ್ತಾರೆ. ಹಾಗಾಗಿ ನೂಲಿನ ಪ್ರತಿ ಲಡಿ ಕೊಡುವಾಗಲೂ ಬಿಚ್ಚಿದವರೇ ಬೆರಳಚ್ಚು ಓದುವ ಮಿಷನ್ ಮೇಲೆ ಹೆಬ್ಬೆಟ್ಟು ಒತ್ತಬೇಕು. ವಜೀರಾ ಅವರ ಬೆರಳಲ್ಲಿ ಗೆರೆಯೇ ಇಲ್ಲ. ಬಿಸಿನೀರು ಅವನ್ನು ಎಂದೋ ಅಳಿಸಿದೆ. ರೇಷನ್ ಅಂಗಡಿಯ ತನ್ವೀರ್ ಒಮ್ಮೆ ಬೇಸತ್ತು ಅವರ ಬೆರಳಿನ ಬದಲು ಬದನೆಕಾಯಿ ಇಟ್ಟು ನೋಡಿದನಂತೆ. ಮಿಷನ್ ಎರಡಕ್ಕೂ ಒಂದೇ ಉತ್ತರ ಕೊಟ್ಟಿತು: ಮತ್ತೆ ಪ್ರಯತ್ನಿಸಿ.

ಮುಂದಿನ ಲಾಟು ನೂಲು ಒಯ್ಯುವ ಹೊತ್ತಿಗೆ ಬೆರಳು ಒಪ್ಪದಿದ್ದರೆ ಆರ್ಡರ್ ಬೇರೆ ಮನೆಗೆ ಹೋಗುತ್ತದೆ ಎಂದರು ಭಾನುಪ್ರಿಯ. ರಸೂಲ್ ಸುಲಭದ ದಾರಿ ತೋರಿಸಿದರು.

"ನಂದೇ ಒತ್ತುದ್ರಾಯ್ತು ಬುಡು. ರೇಷನ್‌ಗೂ ನನ್ ಬೆಟ್ಟೇ ತಾನೇ?"

"ಅಕ್ಕಿ ಇಬ್ರೂ ತಿಂತೀವಿ, ಒತ್ತಿ. ಎಳೆ ನಾನ್ ತಗ್ಯೋದು, ಹೆಸರು ನಿಮ್ದಾ?"

"ಚರಕ ಯಾರ್ ತಿರುಗ್ಸೋದು?"

"ಅದುಕ್ಕೆ ಮೋಟ್ರು ಸಿಗ್ತೈತೆ. ಸುಮ್ಕಿರಿ."

ಆವತ್ತಿನಿಂದ ಮೋಟರಿನ ವಿಷಯ ಬಂದರೆ ರಸೂಲ್ ಎದ್ದು ಟೀ ಕುಡಿಯಲು ಹೋಗುತ್ತಾರೆ.

ದಾರಿ ಸಿಕ್ಕಿದ್ದು ಅದೇ ಮುಲಾಮಿನಿಂದ. ಕಂಪನಿಯ ಡಾಕ್ಟರು ಕೈ ನೋಡಿ, ಚರ್ಮ ಮಾಯ್ದರೆ ಗೆರೆ ಮರಳಬಹುದು ಎಂದು ಒಪ್ಪಿದ ಮೇಲೆ ಭಾನುಪ್ರಿಯ ಒಂದು ಟ್ಯೂಬು ತಂದುಕೊಟ್ಟರು. ಎಡ ಹೆಬ್ಬೆರಳಿಗೆ ಹಚ್ಚಬೇಕು, ಬಟ್ಟೆ ಕಟ್ಟಬೇಕು, ನೀರಿಗೆ ಇಳಿಸಬಾರದು. ವಜೀರಾ ಒಂಬತ್ತು ಬೆರಳಲ್ಲೇ ನೂಲು ಬಿಚ್ಚಿದರು. ಮೊದಮೊದಲು ಎಳೆ ಕಡಿಯಿತು. ಆ ಒಂದು ಬೆರಳು ಅಭ್ಯಾಸಬಲದಿಂದ ತಾನಾಗಿಯೇ ನೀರಿನ ಕಡೆ ಬಗ್ಗುತ್ತಿತ್ತು, ರಸೂಲ್ ಚರಕ ನಿಲ್ಲಿಸಿ "ಬೆಟ್ಟು, ಬೆಟ್ಟು!" ಎಂದು ಕೂಗುತ್ತಿದ್ದರು. ಆಗಿನಿಂದ ಅದನ್ನು ಎತ್ತಿ ಹಿಡಿಯುವುದೇ ರೂಢಿಯಾಯಿತು.

ಒಂದು ದಿನ ಬಟ್ಟೆ ಬಿಚ್ಚಿದಾಗ ಸಣ್ಣಗೆ ಗೆರೆ ಕಂಡಿತು. ಬೀದಿಯ ಹೆಂಗಸರು ಬಾಣಂತಿ ಮನೆಗೆ ಮಗು ನೋಡಲು ಬಂದಂತೆ ಬಂದರು. ಒಬ್ಬರು ಬೆರಳನ್ನು ತಿರುಗಿಸಿ ನೋಡಿ, "ಅಪ್ಪನ ಹೋಲಿಕೆ ಐತೆ" ಎಂದರು.

ಲಾಟು ಒಯ್ಯಲು ಬಂದ ಭಾನುಪ್ರಿಯ ಮಿಷನ್ ಮುಂದಿಟ್ಟರು. ಮೊದಲ ಸಲ ಒತ್ತಿದಾಗ ಕೆಂಪು. ರಸೂಲ್ ಬಾಯಿ ತೆರೆದರು, ಹೆಂಡತಿಯ ಮುಖ ನೋಡಿ ಮುಚ್ಚಿಕೊಂಡರು. ವಜೀರಾ ಬೆರಳನ್ನು ಸೆರಗಿಗೆ ಒರೆಸಿ ಇನ್ನೊಮ್ಮೆ ಒತ್ತಿದರು. ಹಸಿರು ದೀಪ ಹತ್ತಿತು. ಪರದೆಯ ಮೇಲೆ ಅವರ ಹೆಸರು ಬಂತು. ಅವರು ಬೆರಳು ತೆಗೆಯಲಿಲ್ಲ.

"ಸಾಕಮ್ಮ, ಬಿಡಿ, ಬಂದೈತೆ," ಎಂದರು ಭಾನುಪ್ರಿಯ.

"ಇರು ತಾಯಿ. ಒಸಿ ನೋಡ್ತೀನಿ."

ಈಗ ಲಡಿಗಳು ವಜೀರಾ ಅವರ ಹೆಸರಲ್ಲೇ ಹೋಗುತ್ತವೆ. ಉಳಿದ ಬೆರಳುಗಳಿಗೂ ಮುಲಾಮು ಕೊಡುತ್ತೇವೆಂದು ಕಂಪನಿ ಹೇಳಿತು. ಅವರು ಬೇಡವೆಂದರು.

"ಮೆತ್ತಗಾದ ಬೆಟ್ಟು ಬಿಸಿನೀರ್ ಕಂಡ್ರೆ ಹಿಂದಕ್ ಬತ್ತೈತೆ. ಅದುಕ್ಕೆ ಎಳೆ ಸಿಕ್ಕಲ್ಲ. ಹತ್ತೂ ಮೆತ್ತಗಾಗ್ಬುಟ್ರೆ ಮುಲಾಮ್‌ಗೆ ರೇಷ್ಮೆ ತಗ್ಯೋರು ಯಾರು? ಒಂಬತ್ತು ಗೂಡಿಗಿರ್ಲಿ, ಒಂದು ಮಿಷನ್‌ಗಿರ್ಲಿ."

ಆಸೆ ಏನಾದರೂ ಇದೆಯಾ ಎಂದರೆ ಬಾಣಲೆಯಿಂದ ಕಣ್ಣು ತೆಗೆಯದೆ ಹೇಳುತ್ತಾರೆ: "ಯಾವ್ದೋ ದೇಸದಲ್ಲಿ ಯಾವ್ದೋ ಮಗ ಕೈ ಸುಟ್ಕೊಂಡು ಇದ್ನ ಹಚ್ಕೊಂಡಿರ್ತೈತೆ. ಅದುಕ್ಕೆ ಬೇಗ ಮಾಯ್ಲಿ. ನಮ್ ಕೈಲಿ ಬಿಚ್ಚಿದ್ದು ಕಣ್ರೀ ಅದು, ಮಾಯ್ತೈತೆ."